ಟಾರ್ಚು ಹುಡುಕುವುದಕ್ಕೇ ಟಾರ್ಚು ಬೇಕಿತ್ತು: ಆರು ವರ್ಷ ಬಳಸಿದ ಕಾರ್ ಕ್ಯಾಂಪಿಂಗ್ ಸಾಮಾನುಗಳ ವಿಮರ್ಶೆ

ಮೊದಲ ಸಲ ನಾನೂ ತಂಗಿಯೂ ಕಾರಿನಲ್ಲಿ ಕ್ಯಾಂಪಿಂಗ್ ಹೋದಾಗ ಜಾಗ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಮಳೆ ಬೇರೆ. ತಲೆಗೆ ಕಟ್ಟುವ ಟಾರ್ಚು ಇತ್ತು. ಹೊಸದು, ಒಳ್ಳೆಯದು. ಆದರೆ ಅದು ಯಾವ ಚೀಲದ ತಳದಲ್ಲಿದೆ ಅಂತ ನೋಡುವುದಕ್ಕೇ ಟಾರ್ಚು ಬೇಕಿತ್ತು. "ಅಕ್ಕಾ, ಎಲ್ಲಿಟ್ಟೆ ಅದನ್ನ?" ಅಂತ ಅವಳು. "ಪ್ಯಾಕ್ ಮಾಡಿದ್ದು ನೀನಲ್ವಾ?" ಅಂತ ನಾನು. ಕೊನೆಗೆ ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡು ಟೆಂಟು ಹಾಕಿದೆವು. ಬೆಳಗ್ಗೆ ಎದ್ದು ನೋಡಿದರೆ ಮೇಲಿನ ಹೊದಿಕೆ ತಿರುಗುಮುರುಗಾಗಿತ್ತು. ಒಳಭಾಗ ಆಕಾಶಕ್ಕೆ, ಹೊರಭಾಗ ನಮ್ಮ ಕಡೆಗೆ.

ಅಂದಿನಿಂದ ಏನೇ ಕೊಳ್ಳುವಾಗಲೂ ನನ್ನದು ಒಂದೇ ಪರೀಕ್ಷೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಅರ್ಧ ನಿದ್ದೆಯಲ್ಲಿ ಇದನ್ನು ಹುಡುಕಿ, ಬಿಚ್ಚಿ, ಬಳಸಿ, ಮತ್ತೆ ಮಡಚಿ ಇಡೋಕೆ ಆಗುತ್ತದಾ? ಅಂಗಡಿಯಲ್ಲಿ ಎಲ್ಲವನ್ನೂ ಟ್ಯೂಬ್‌ಲೈಟಿನ ಕೆಳಗೆ, ನುಣುಪಾದ ನೆಲದ ಮೇಲೆ, ಅಭ್ಯಾಸವಿರುವ ಹುಡುಗ ಎರಡು ನಿಮಿಷದಲ್ಲಿ ಬಿಚ್ಚಿ ತೋರಿಸುತ್ತಾನೆ. ಅದನ್ನು ನೋಡಿ ನಾನು ಮೋಸಹೋದದ್ದು ಒಂದೆರಡು ಸಲ ಅಲ್ಲ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಸಾಮಾನಿನ ವಿಮರ್ಶೆ ಬಳಸುವವರ ಮೈಕಟ್ಟಿನ ಮೇಲೆ ನಿಂತಿರುತ್ತದೆ. ವಯಸ್ಸು 51. ಎಡ ಮೊಣಕಾಲು ಸರಿಯಿಲ್ಲ. 15 ಕೆಜಿಗಿಂತ ಜಾಸ್ತಿ ಭಾರ ಎತ್ತುವುದಿಲ್ಲ. ಕಾರು ಚಿಕ್ಕದು. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗಬಹುದು, ಇಬ್ಬರಾದರೆ ಜಗಳ. ಹೋಗುವುದು ಎರಡು ಮೂರು ರಾತ್ರಿಗೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಒಂದೇ ಥರದ ಸಾಮಾನು ಹತ್ತು ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತದೆ. ಸ್ಟಿಕ್ಕರಿಗಿಂತ ಅದರ ಪಕ್ಕದಲ್ಲಿ ಬರೆದಿರುವ ಅಂಕಿ ಓದುವುದನ್ನು ಕಲಿತರೆ ಜಾಸ್ತಿ ಉಪಯೋಗ.

ಮೊದಲು ಫ್ರಿಜ್ಜು. ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಇದರಲ್ಲೇ.

ಶುರುವಿನಲ್ಲಿ ಐಸ್ ಡಬ್ಬಿ ಇತ್ತು. ಅದನ್ನು ಬೈಯಲಾರೆ. ಒಂದು ಕೆಜಿ ಐಸ್ ಕರಗುವಾಗ ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. ಬ್ಯಾಟರಿ ಭಾಷೆಯಲ್ಲಿ ಹೇಳುವುದಾದರೆ 93 ವ್ಯಾಟ್-ಅವರ್ (ಒಂದು ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ವ್ಯಾಟ್-ಅವರ್). ಐದು ಕೆಜಿ ಐಸ್ ಅಂದರೆ 460ರಷ್ಟು. ತಂತಿ ಇಲ್ಲ, ಫ್ಯೂಸು ಇಲ್ಲ, ಸದ್ದಿಲ್ಲ. ಒಂದೇ ರಾತ್ರಿಗೆ ಹೋಗುವವರು ಈಗಲೂ ಐಸ್ ಡಬ್ಬಿಯನ್ನೇ ಒಯ್ಯಲಿ. ಡಬ್ಬಿಯನ್ನು ಹಿಂದಿನ ರಾತ್ರಿಯೇ ಸ್ವಲ್ಪ ಐಸ್ ಹಾಕಿ ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ನೀವು ತುಂಬಿದ ಐಸ್ ಮೊದಲು ಡಬ್ಬಿಯ ಗೋಡೆಯನ್ನೇ ತಂಪು ಮಾಡುತ್ತಾ ಕರಗುತ್ತದೆ. ಪುಡಿ ಐಸ್‌ಗಿಂತ ದೊಡ್ಡ ಗಡ್ಡೆ ಜಾಸ್ತಿ ಹೊತ್ತು ಉಳಿಯುತ್ತದೆ. ಗಾಳಿಗೆ ತೆರೆದ ಮೈ ಕಡಿಮೆ, ಅಷ್ಟೇ ಕಾರಣ. ನಾನು ನೀರು ತುಂಬಿದ ಬಾಟಲಿಗಳನ್ನೇ ಗಟ್ಟಿ ಮಾಡಿ ಒಯ್ಯುತ್ತಿದ್ದೆ. ಕರಗಿದರೆ ಕುಡಿಯಬಹುದು, ಡಬ್ಬಿಯೂ ಕೆಸರಾಗುವುದಿಲ್ಲ. ತೊಂದರೆ ಬರುವುದು ಎರಡನೇ ದಿನ ಮಧ್ಯಾಹ್ನ. ಹಾಲಿನ ಪೊಟ್ಟಣ ತೇಲುತ್ತಿರುತ್ತದೆ, ಅದು ಸರಿಯಿದೆಯೋ ಕೆಟ್ಟಿದೆಯೋ ಅಂತ ಇಬ್ಬರೂ ಮೂಸಿ ಮೂಸಿ ನೋಡುತ್ತಿರುತ್ತೀರಿ. ಬೇಗ ಕೆಡುವ ಪದಾರ್ಥ 5 ಡಿಗ್ರಿಗಿಂತ ಕೆಳಗೆ ಇರಬೇಕು. ಕರಗಿದ ನೀರಿನಲ್ಲಿ ತೇಲುವ ಪೊಟ್ಟಣಕ್ಕೆ ಆ ಭರವಸೆ ಯಾರು ಕೊಡುತ್ತಾರೆ?

ಆಮೇಲೆ ಹಗುರವಾಗಿದೆ ಅಂತ ಒಂದು "ಕಾರ್ ಕೂಲರ್" ತಂದೆ. ಅದು ಫ್ರಿಜ್ಜಲ್ಲ ಅಂತ ಗೊತ್ತಾಗಲು ಒಂದು ಬಿಸಿಲಿನ ದಿನ ಬೇಕಾಯಿತು. ಮನೆಯ ಫ್ರಿಜ್ಜಿನಲ್ಲಿ ತಂಪು ಮಾಡುವ ಕಂಪ್ರೆಸರ್ ಅದರೊಳಗೆ ಇರುವುದಿಲ್ಲ. ಕರೆಂಟು ಹರಿದಾಗ ಒಂದು ಮೈ ತಣ್ಣಗೆ, ಇನ್ನೊಂದು ಮೈ ಬಿಸಿ ಆಗುವ ಪುಟ್ಟ ಬಿಲ್ಲೆ ಇರುತ್ತದೆ. ಹೊರಗಿನ ಗಾಳಿಗಿಂತ ಹೆಚ್ಚೆಂದರೆ 15ರಿಂದ 20 ಡಿಗ್ರಿ ಕೆಳಗೆ ಇಳಿಸುತ್ತದೆ. ಕಾರಿನ ಒಳಗೆ 40 ಡಿಗ್ರಿ ಇದ್ದರೆ ಅದರೊಳಗೆ 20ರ ಮೇಲೆಯೇ. ಮೇಲಾಗಿ ಅದು ಒಂದು ಕ್ಷಣವೂ ನಿಲ್ಲದೆ ಕರೆಂಟು ಕುಡಿಯುತ್ತಲೇ ಇರುತ್ತದೆ. ಈಗ ಅದು ಮನೆಯಲ್ಲಿ ಹಳೇ ಹಗ್ಗ ತುಂಬಿಡುವ ಡಬ್ಬಿ. ಆ ಕೆಲಸಕ್ಕೆ ಬಹಳ ಚೆನ್ನಾಗಿದೆ.

ಮೂರನೆಯದೇ ಈಗಿರುವ 35 ಲೀಟರ್ ಕಂಪ್ರೆಸರ್ ಫ್ರಿಜ್ಜು. ನಾಲ್ಕು ವರ್ಷವಾಯಿತು. ಮೋಟರು ಓಡುವಾಗ 45 ವ್ಯಾಟ್ ಆಸುಪಾಸು ಎಳೆಯುತ್ತದೆ, ತಂಪಾದ ಮೇಲೆ ತಾನೇ ನಿಲ್ಲುತ್ತದೆ. ಬಿಸಿಲ ದಿನದಲ್ಲಿ ಮೀಟರ್ ಹಾಕಿ ನೋಡಿದ್ದೇನೆ, 24 ಗಂಟೆಗೆ 400 ವ್ಯಾಟ್-ಅವರ್ ಹತ್ತಿರ ಬರುತ್ತದೆ. ತಣ್ಣನೆಯ ವಾರದಲ್ಲಿ ಅದರ ಅರ್ಧ. ಮುಚ್ಚಳದ ಹಿಡಿ ಕತ್ತಲಲ್ಲಿ ಕೈಗೆ ಸಿಗುತ್ತದೆ, ತೆರೆದರೆ ಒಳಗೊಂದು ಪುಟ್ಟ ದೀಪ ಹತ್ತುತ್ತದೆ. ನನ್ನ ಪರೀಕ್ಷೆಯಲ್ಲಿ ಪಾಸು. ಒಂದೇ ದೂರು, ಬಟನ್ನುಗಳ ನೀಲಿ ಬೆಳಕು. ರಾತ್ರಿ ಕಾರಿನೊಳಗೆ ಮಲಗಿದರೆ ಯಾರೋ ಟಿವಿ ಹಾಕಿಟ್ಟ ಹಾಗೆ. ಕಪ್ಪು ಟೇಪು ಅಂಟಿಸಿದ್ದೇನೆ.

ಇದನ್ನು ಮೊದಲ ಸಲ ಒಯ್ದಾಗ ಡಿಕ್ಕಿಯಲ್ಲಿರುವ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ ನೆಮ್ಮದಿಯಾಗಿ ಮಲಗಿದೆ. ಎರಡನೇ ಬೆಳಗ್ಗೆ ಕೀ ತಿರುಗಿಸಿದರೆ "ಟಕ್" ಅಂದಿತು, ಅಷ್ಟೇ. ಇನ್ನೊಮ್ಮೆ ಸೆಲ್ಫ್ ಹೊಡೆದರೆ ಅದೂ ಇಲ್ಲ. ಎದೆ ಧಸಕ್ ಎಂದಿತು. ಸುತ್ತ ಯಾರೂ ಇಲ್ಲ. ತಂಗಿ ಮಾತ್ರ ಫ್ರಿಜ್ಜು ತೆರೆದು, "ಹಾಲು ತಣ್ಣಗಿದೆ ಅಕ್ಕ" ಅಂದಳು.

ಲೆಕ್ಕ ಹಾಕಿದ್ದರೆ ಹೊರಡುವ ಮೊದಲೇ ಗೊತ್ತಾಗುತ್ತಿತ್ತು. ನನ್ನ ಕಾರಿನ ಬ್ಯಾಟರಿ 45 ಆಂಪಿಯರ್-ಅವರ್. ಅದನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. ಫ್ರಿಜ್ಜಿನ ದಿನದ 400 ವ್ಯಾಟ್-ಅವರನ್ನು 12ರಿಂದ ಭಾಗಿಸಿದರೆ 33. ಅಂದರೆ ಒಂದು ದಿನದಲ್ಲಿ ಮುಕ್ಕಾಲು ಬ್ಯಾಟರಿ ಖಾಲಿ. ಕಾರಿನ ಬ್ಯಾಟರಿಯ ಜಾಯಮಾನವೇ ಬೇರೆ. ಎಂಜಿನ್ನಿಗೆ ಜೋರಾಗಿ ಒಂದು ಏಟು ಕೊಟ್ಟು, ತಕ್ಷಣ ಮತ್ತೆ ತುಂಬಿಸಿಕೊಳ್ಳಲು ಅದನ್ನು ಮಾಡಿರುತ್ತಾರೆ. ನಿಧಾನವಾಗಿ ತಳದವರೆಗೆ ಹೀರಿದರೆ ಅದರ ಆಯಸ್ಸು ಇಳಿಯುತ್ತದೆ. ಪೂರ್ತಿ ತುಂಬಿ ಸುಮ್ಮನೆ ನಿಂತಿರುವ ಬ್ಯಾಟರಿ 12.6 ಅಥವಾ 12.7 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಫ್ರಿಜ್ಜಿನಲ್ಲಿ ಬ್ಯಾಟರಿ ಕಾಯುವ ಸೆಟ್ಟಿಂಗ್ ಮೂರು ಮಟ್ಟದಲ್ಲಿ ಇರುತ್ತದೆ. ನನ್ನದು ಕಡಿಮೆ ಮಟ್ಟದಲ್ಲಿತ್ತು. ಅಲ್ಲಿಟ್ಟರೆ ಅದು ಸುಮಾರು 10 ವೋಲ್ಟಿನವರೆಗೂ ಬಿಡದೆ ಹೀರುತ್ತದೆ. ಹೆಸರಿಗೆ ರಕ್ಷಣೆ, ಕೆಲಸದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಾರಿನ ಬ್ಯಾಟರಿಗೇ ಜೋಡಿಸುವವರು ಅದನ್ನು ಹೆಚ್ಚಿನ ಮಟ್ಟದಲ್ಲಿಡಿ. ಫ್ರಿಜ್ಜು ಬೇಗ ನಿಲ್ಲುತ್ತದೆ, ಕಾರು ಸ್ಟಾರ್ಟ್ ಆಗುತ್ತದೆ.

ಈಗ ಬೇರೆಯದೇ ಬ್ಯಾಟರಿ ಇದೆ. ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 50 ಆಂಪಿಯರ್-ಅವರ್. ಗುಣಿಸಿದರೆ 640 ವ್ಯಾಟ್-ಅವರ್, ಫ್ರಿಜ್ಜಿಗೆ ಒಂದೂವರೆ ದಿನ. ತೂಕ ಆರು ಕೆಜಿ ಆಸುಪಾಸು. ಇಷ್ಟೇ ಸಾಮರ್ಥ್ಯದ ಹಳೇ ಥರದ ಸೀಸದ ಬ್ಯಾಟರಿ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ, ಅದರಲ್ಲೂ ಅರ್ಧವನ್ನಷ್ಟೇ ಬಳಸುವುದು ಒಳ್ಳೆಯದು. ನನ್ನ ಮೊಣಕಾಲಿಗೆ ಈ ಲೆಕ್ಕ ಬೇಗ ಅರ್ಥವಾಯಿತು. ಕಾರು ಓಡುವಾಗ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್, ಅಂದರೆ ಕಾರಿನ ಕರೆಂಟನ್ನು ಈ ಬ್ಯಾಟರಿಗೆ ಹೊಂದುವ ಹಾಗೆ ಮಾಡಿ ಕೊಡುವ ಡಬ್ಬಿ, ಇದನ್ನು ತುಂಬಿಸುತ್ತದೆ. ಎರಡು ಗಂಟೆ ಓಡಿಸಿದರೆ 500 ವ್ಯಾಟ್-ಅವರ್. ಒಂದು ಎಚ್ಚರಿಕೆ ಇದೆ. ಈ ಜಾತಿಯ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು. ಬಳಸಬಹುದು, ತುಂಬಿಸಬಾರದು.

ಬ್ಯಾಟರಿ ಖರೀದಿಸುವಾಗ ಇನ್ನೊಂದು ಅಂಕಿಯ ಆಟ ನೋಡಿಕೊಳ್ಳಿ. ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ (ಮಿಲಿಆಂಪಿಯರ್-ಅವರ್, ಅಂದರೆ 20 ಆಂಪಿಯರ್-ಅವರ್) ಅಂತ ದಪ್ಪಕ್ಕೆ ಬರೆದಿರುತ್ತಾರೆ. ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ 74 ವ್ಯಾಟ್-ಅವರ್ ಅಷ್ಟೇ. ನನ್ನ ಫ್ರಿಜ್ಜಿಗೆ ನಾಲ್ಕೂವರೆ ಗಂಟೆಗೂ ಸಾಲದು. ಯಾವುದನ್ನೇ ಹೋಲಿಸುವಾಗಲೂ ವ್ಯಾಟ್-ಅವರಿಗೆ ಇಳಿಸಿಕೊಂಡು ಹೋಲಿಸಿ.

ಸೋಲಾರ್ ಹಲಗೆ, 100 ವ್ಯಾಟಿನದು, ಮಡಚುವಂಥದ್ದು. ಅದು 100 ಕೊಟ್ಟಿದ್ದನ್ನು ನಾನು ನೋಡಿಲ್ಲ. ಒಳ್ಳೆ ಬಿಸಿಲಲ್ಲಿ 65, 70. ಸೆಲ್ಲುಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಅರ್ಧಕ್ಕರ್ಧ ಕಡಿತ. ಇದರ ಜೊತೆ ಒಂದು ತಮಾಷೆ ಇದೆ. ಹಲಗೆಗೆ ಬಿಸಿಲು ಬೇಕು, ಫ್ರಿಜ್ಜಿಗೂ ನಮಗೂ ನೆರಳು ಬೇಕು. ಕಾರನ್ನು ಬಿಸಿಲಲ್ಲಿ ನಿಲ್ಲಿಸಿದರೆ ಸೋಲಾರಿನಿಂದ ಬಂದದ್ದೆಲ್ಲ ಫ್ರಿಜ್ಜು ತಂಪು ಮಾಡುವುದಕ್ಕೇ ಹೋಗುತ್ತದೆ. ಅದಕ್ಕೇ ಐದು ಮೀಟರಿನ ತಂತಿ ಇಟ್ಟುಕೊಂಡಿದ್ದೇನೆ, ದಪ್ಪ ತಂತಿ. ಮೊದಲು ತಂದದ್ದು ತೆಳು. 12 ವೋಲ್ಟಿನಲ್ಲಿ ತೆಳು ತಂತಿ ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಒಂದೇ ಕಡೆ ಎರಡು ದಿನ ಕೂರುವವರಿಗೆ ಸೋಲಾರ್ ಬೇಕು. ದಿನಾ ಕಾರು ಓಡಿಸುವವರಿಗೆ ಡಿಸಿ-ಡಿಸಿ ಚಾರ್ಜರ್ ಸಾಕು.

ಇನ್ನು ಹಾಸಿಗೆ. ಫ್ರಿಜ್ಜು ಕೈಕೊಟ್ಟರೆ ಬೇಜಾರು, ನಿದ್ದೆ ಕೈಕೊಟ್ಟರೆ ಟ್ರಿಪ್ಪೇ ಮುಗಿಯಿತು. ಕಾರಿನ ತಲೆಯ ಮೇಲೆ ಸಾಲು ದೀಪ ಹಾಕಿಸಿಕೊಂಡು, ರಾತ್ರಿ ತೆಳು ಚಾಪೆಯ ಮೇಲೆ ನರಳುವವರನ್ನು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಗಾಳಿ ತುಂಬುವ ದಪ್ಪ ಹಾಸಿಗೆ ನೋಡಲು ಮನೆಯ ಮಂಚದ ಹಾಗೇ ಇರುತ್ತದೆ. ಮಲಗಿ ಎರಡು ಗಂಟೆಗೆ ಬೆನ್ನು ತಣ್ಣಗಾಗತೊಡಗುತ್ತದೆ. ಒಳಗಿನ ಗಾಳಿ ಸುಮ್ಮನೆ ಕೂರುವುದಿಲ್ಲ, ಸುತ್ತುತ್ತಾ ನಿಮ್ಮ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ಬೆಳಗಿನ ಜಾವಕ್ಕೆ ಹಾಸಿಗೆ ಮೆತ್ತಗೂ ಆಗಿರುತ್ತದೆ. ತೂತಾಗಿದೆ ಅಂತ ನಾನು ಸೋಪಿನ ನೀರು ಹಚ್ಚಿ ಹುಡುಕಿದ್ದೇ ಹುಡುಕಿದ್ದು. ತೂತೇ ಇರಲಿಲ್ಲ. ಸಂಜೆ 30 ಡಿಗ್ರಿಯಲ್ಲಿ ತುಂಬಿದ ಗಾಳಿ ರಾತ್ರಿ 15ಕ್ಕೆ ಇಳಿದಾಗ ನೂರಕ್ಕೆ ಐದರಷ್ಟು ಕುಗ್ಗುತ್ತದೆ, ಜೊತೆಗೆ ಹೊಸ ಪ್ಲಾಸ್ಟಿಕ್ ಹಿಗ್ಗುತ್ತದೆ. ಮಲಗುವ ಮುಂಚೆ, ತಂಪಾದ ಮೇಲೆ ಇನ್ನೊಂದು ನಾಲ್ಕು ಸಲ ಪಂಪು ಒತ್ತಿದರೆ ಮುಗಿಯಿತು. ಆದರೆ ಪಂಪಿನ ಗುರ್ರೆನ್ನುವ ಸದ್ದು ರಾತ್ರಿ ಹತ್ತಕ್ಕೆ ಕೇಳಿದರೆ ಪಕ್ಕದ ಟೆಂಟಿನವರು ನಿಮ್ಮನ್ನು ಮರೆಯುವುದಿಲ್ಲ.

ಈಗ ಮಲಗುವುದು ಹತ್ತು ಸೆಂಟಿಮೀಟರ್ ದಪ್ಪದ, ತಾನೇ ಉಬ್ಬುವ ಫೋಮ್ ಹಾಸಿಗೆಯ ಮೇಲೆ. ಬಿರಡೆ ತೆರೆದಿಟ್ಟರೆ ಒಳಗಿನ ಫೋಮ್ ಹಿಗ್ಗುತ್ತಾ ಗಾಳಿ ಎಳೆದುಕೊಳ್ಳುತ್ತದೆ. ನಾನು ಟಾರ್ಪಾಲು ಕಟ್ಟಿ ಬರುವಷ್ಟರಲ್ಲಿ ಮುಕ್ಕಾಲು ತಯಾರು. ಉಳಿದದ್ದಕ್ಕೆ ಬಾಯಲ್ಲಿ ಊದಿದರಾಯಿತು. ಕೊಳ್ಳುವಾಗ ನೋಡಬೇಕಾದ್ದು ಆರ್-ವ್ಯಾಲ್ಯೂ. ಬಿಸಿಯನ್ನು ನೆಲಕ್ಕೆ ಬಿಡದೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿ ಅದು. ಹಿಂದೆ ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಅಳೆಯುತ್ತಿದ್ದರು. ಈಗ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಪರೀಕ್ಷಾ ವಿಧಾನ ಇದೆ. ಆ ಹೆಸರು ಇರುವ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು. ಒಳಗೆ ಏನೂ ಇಲ್ಲದ ಬರೀ ಗಾಳಿ ಹಾಸಿಗೆಗೆ 1ರ ಆಸುಪಾಸು, ತೆಳು ಫೋಮ್ ಚಾಪೆಗೆ 2. ಒಂದರ ಮೇಲೊಂದು ಹಾಸಿದರೆ ಅಂಕಿಗಳನ್ನು ಕೂಡಬಹುದು. ಆದ್ದರಿಂದ ಹಳೇ ಗಾಳಿ ಹಾಸಿಗೆ ಇರುವವರು ಅದನ್ನು ಎಸೆಯಬೇಡಿ. ಮೇಲೊಂದು ಫೋಮ್ ಚಾಪೆ ಹಾಸಿ ಮಲಗಿ ನೋಡಿ.

ಈ ಹಾಸಿಗೆಯ ಕೆಟ್ಟ ಗುಣ ಬೆಳಗ್ಗೆ ಗೊತ್ತಾಗುತ್ತದೆ. ಮಡಚುವಾಗ ಅದರ ಮೇಲೆ ಮಂಡಿಯೂರಿ ಗಾಳಿ ಹಿಂಡಬೇಕು. ಸರಿಯಿಲ್ಲದ ಮೊಣಕಾಲಿನ ನಾನು, ಎರಡು ಸಲ ಸುತ್ತಬೇಕಾದ ಹಾಸಿಗೆ. ತಂಗಿ ಇಲ್ಲದ ಟ್ರಿಪ್ಪುಗಳಲ್ಲಿ ಅರ್ಧಂಬರ್ಧ ಸುತ್ತಿ ಹಿಂದಿನ ಸೀಟಿಗೆ ತುರುಕಿದ್ದೂ ಇದೆ. ಇನ್ನೊಂದು ಮಾತು. ಮನೆಯಲ್ಲಿ ಇದನ್ನು ಸುತ್ತಿಡಬೇಡಿ. ಬಿರಡೆ ತೆರೆದು ಉದ್ದಕ್ಕೆ ನಿಲ್ಲಿಸಿಡಿ. ಸುತ್ತಿಟ್ಟ ಫೋಮ್ ಉಬ್ಬುವುದನ್ನೇ ಮರೆಯುತ್ತದೆ.

ಟೆಂಟಿನ ವಿಷಯಕ್ಕೆ ಬಂದರೆ, ಭಾವನವರು ಕಾರಿನ ಮೇಲೆ ಕೂರಿಸುವ ಟೆಂಟು ಒಮ್ಮೆ ಕೊಟ್ಟಿದ್ದರು. "ಬಳಸಿ ನೋಡಮ್ಮ, ಮತ್ತೆ ನೆಲದ ಮೇಲೆ ಮಲಗಲ್ಲ ನೀನು" ಅಂದರು. ಬಿಚ್ಚುವುದು ಸುಲಭ ಅನ್ನುವುದರಲ್ಲಿ ಎರಡು ಮಾತಿಲ್ಲ. ಹಾಸಿಗೆ ಒಳಗೇ ಇರುತ್ತದೆ. ನೆಲ ಕೆಸರಾಗಿದ್ದರೂ ಚಿಂತೆ ಇಲ್ಲ. ಆದರೆ ತೂಕ 60 ಕೆಜಿ. ಕಾರಿನ ಚಾವಣಿಗೆ ಎರಡು ಮಿತಿ ಇರುತ್ತದೆ. ನಿಂತಾಗ ಹೊರುವುದು ಒಂದು, ಓಡುವಾಗ ಹೊರುವುದು ಇನ್ನೊಂದು. ಓಡುವಾಗಿನದು ಬಹಳ ಕಡಿಮೆ. ಕಾರಿನ ಕೈಪಿಡಿಯಲ್ಲಿ ಅದನ್ನೇ ನೋಡಬೇಕು, ಟೆಂಟು ಕೂರಿಸುವ ಕಂಬಿಗಳ ತೂಕವನ್ನೂ ಸೇರಿಸಬೇಕು. ಭಾವನವರ ಗಾಡಿ ದೊಡ್ಡದು, ತಡೆಯಿತು. ನನ್ನದು ತಡೆಯುವುದಿಲ್ಲ. ತಡೆದಿದ್ದರೂ ನನಗೆ ಬೇಡ. ರಾತ್ರಿ ಎರಡು ಗಂಟೆಗೆ ಏಣಿ ಇಳಿಯಬೇಕಾದಾಗ ನನ್ನ ಪರೀಕ್ಷೆಯಲ್ಲಿ ಅದು ಫೇಲಾಯಿತು. ಮೂರನೇ ಮೆಟ್ಟಿಲು ಇದೆ ಅಂದುಕೊಂಡ ಜಾಗದಲ್ಲಿ ಇರಲಿಲ್ಲ. ಬೆಳಗ್ಗೆ ಹತ್ತಿರದಲ್ಲಿ ಎಲ್ಲಿಗೋ ಹೋಗಿಬರಬೇಕೆಂದರೆ ಮನೆಯನ್ನೇ ಮಡಚಬೇಕು, ಅದು ಬೇರೆ. ಗಟ್ಟಿ ಮೊಣಕಾಲು, ದೊಡ್ಡ ಗಾಡಿ, ದಿನಕ್ಕೊಂದು ಜಾಗ ಅನ್ನುವವರಿಗೆ ಒಳ್ಳೆಯದು.

ನನ್ನದು ನೆಲದ ಟೆಂಟು, ಇಬ್ಬರಿಗೆ ಅಂತ ಮೂವರದ್ದು. ಟೆಂಟಿನ ಮೇಲೆ ಬರೆದ ತಲೆಲೆಕ್ಕದಲ್ಲಿ ಯಾವಾಗಲೂ ಒಬ್ಬರನ್ನು ಕಳೆಯಿರಿ, ಚೀಲಗಳು ಎಲ್ಲಿ ಮಲಗಬೇಕು? ಇದರ ಬಟ್ಟೆಗೆ 3000 ಮಿಲಿಮೀಟರ್, ನೆಲಕ್ಕೆ 5000. ಬಟ್ಟೆಯ ಮೇಲೆ ಅಷ್ಟೆತ್ತರ ನೀರು ನಿಲ್ಲಿಸಿದರೂ ಸೋರುವುದಿಲ್ಲ ಅಂತ ಅರ್ಥ. ಮೇಲಿಗೆ 1500 ಇದ್ದರೂ ಸಾಮಾನ್ಯ ಮಳೆಗೆ ನಡೆಯುತ್ತದೆ. ನೆಲಕ್ಕೆ ಮಾತ್ರ ಜಾಸ್ತಿ ಇರಲಿ. ಒದ್ದೆ ನೆಲದ ಮೇಲೆ ಮೊಣಕಾಲು ಊರಿದರೆ ಒತ್ತಡ ಬಹಳ. ಬೆಳಗ್ಗೆ ಒಳಗೆ ನೀರು ಕಂಡರೆ ತಕ್ಷಣ ಸೋರಿಕೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನಾನು ಹೋಗಿದ್ದೆ, ನಾಚಿಕೆಯಾಯಿತು. ಇಬ್ಬರು ರಾತ್ರಿಯಿಡೀ ಉಸಿರಾಡಿ, ಬೆವರಿ ಬಿಡುವ ತೇವವೇ ಸುಮಾರು ಅರ್ಧ ಲೀಟರ್. ಅದು ತಣ್ಣನೆ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮಳೆ ಬಂದರೂ ಮೇಲಿನ ಕಿಂಡಿ ಮುಚ್ಚಬಾರದು. ಕಾರಿನಲ್ಲಿ ಮಲಗುವವರಿಗೂ ಇದೇ ಮಾತು. ಎರಡು ಕಿಟಕಿ ಎರಡು ಬೆರಳಿನಷ್ಟು ಇಳಿಸಿ, ಹೊರಗಿನಿಂದ ಸೊಳ್ಳೆ ಪರದೆ ಸಿಕ್ಕಿಸಿ.

ಟೆಂಟಿನ ಜೊತೆ ಬರುವ ತಂತಿಯಂಥ ಗೂಟಗಳನ್ನು ಅಲ್ಲೇ ಬಿಟ್ಟು ಬಂದರೂ ನಷ್ಟವಿಲ್ಲ. ಒಂದು ಕಲ್ಲು ಸಿಕ್ಕರೆ ಬಾಗುತ್ತವೆ. 25 ಸೆಂಟಿಮೀಟರಿನ ಉಕ್ಕಿನ ಗೂಟ ಎಂಟು, ಒಂದು ಸುತ್ತಿಗೆ. ಮರಳಿಗಾದರೆ ಅಗಲದ ಗೂಟ. ಹಗ್ಗ ಹೊಳೆಯುವ ಬಣ್ಣದ್ದಿರಲಿ. ನಮ್ಮ ಕಪ್ಪು ಹಗ್ಗಕ್ಕೆ ತಂಗಿ ಮೂರು ಸಲ ಎಡವಿದ್ದಾಳೆ. ಮೂರೂ ಸಲ ತಪ್ಪು ನನ್ನದೇ ಅಂತ ತೀರ್ಮಾನವಾಗಿದೆ.

ಎಲ್ಲಕ್ಕಿಂತ ಇಷ್ಟವಾದ ಸಾಮಾನು ಯಾವುದು ಅಂತ ಕೇಳಿದರೆ, ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಟಾರ್ಪಾಲು. ಜಾಗ ತಲುಪಿದ ತಕ್ಷಣ ಮೊದಲು ಕಟ್ಟುವುದು ಇದನ್ನೇ. ಒಂದು ಅಂಚು ಕಾರಿಗೆ, ಇನ್ನೊಂದು ಎರಡು ಕಂಬಕ್ಕೆ. ಆಮೇಲೆ ಎಷ್ಟೇ ಮಳೆ ಬರಲಿ, ಅದರ ಕೆಳಗೆ ನಿಂತು ನಿಧಾನವಾಗಿ ಉಳಿದದ್ದನ್ನು ಬಿಚ್ಚಬಹುದು. ಒಂದು ಮೂಲೆ ತಗ್ಗಿಸಿ ಕಟ್ಟಬೇಕು, ಇಲ್ಲದಿದ್ದರೆ ನಡುವೆ ನೀರು ನಿಂತು ಹೊಟ್ಟೆ ಬಿಡುತ್ತದೆ. ಹಗ್ಗದ ಮೇಲೆ ಹರಿದು ಬರುವ ನೀರನ್ನು ತಡೆಯಲು ಒಂದು ಗೇಣು ದಾರವನ್ನು ಹಗ್ಗಕ್ಕೆ ಗಂಟು ಹಾಕಿ ಇಳಿಬಿಡಿ. ನೀರು ಅಲ್ಲೇ ಇಳಿದುಹೋಗುತ್ತದೆ. ನನಗೆ ಇದು ತಿಳಿಯಲು ಎರಡು ಮಳೆಗಾಲ ಹಿಡಿಯಿತು.

ಒಲೆ: ಉದ್ದ ಡಬ್ಬಿ ಪಕ್ಕಕ್ಕೆ ಸಿಕ್ಕಿಸುವ, ಚಪ್ಪಟೆ ಗ್ಯಾಸ್ ಒಲೆ. ಪಾತ್ರೆ ಅಲ್ಲಾಡುವುದಿಲ್ಲ, ಕತ್ತಲಲ್ಲೂ ಹೊತ್ತಿಸಬಹುದು. ಇದರ ಡಬ್ಬಿಯಲ್ಲಿರುವುದು ಮುಖ್ಯವಾಗಿ ಬ್ಯುಟೇನ್. ಅದು ಕುದಿಯುವುದೇ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಆದ್ದರಿಂದ ಕೊರೆವ ಚಳಿಯಲ್ಲಿ ಗ್ಯಾಸಾಗಿ ಹೊರಗೆ ಬರಲು ಒಲ್ಲೆ ಅನ್ನುತ್ತದೆ. ಉರಿಯುತ್ತಾ ಡಬ್ಬಿ ತನಗೆ ತಾನೇ ತಣ್ಣಗಾಗುವುದರಿಂದ ಐದಾರು ಡಿಗ್ರಿಯಲ್ಲೂ ಉರಿ ಸೊರಗುತ್ತದೆ. ನಾನು ಬೆಳಗಿನ ಡಬ್ಬಿಯನ್ನು ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳುತ್ತೇನೆ. ಹಿಮ ಬೀಳುವ ಕಡೆ ಹೋಗುವವರು ಪ್ರೊಪೇನ್ ಬೆರೆಸಿದ್ದನ್ನು ನೋಡಿ. ಡಬ್ಬಿಯ ಗೂಡಿನ ಮೇಲೂ ಚಾಚಿಕೊಳ್ಳುವಷ್ಟು ದೊಡ್ಡ ಪಾತ್ರೆ ಇಡಬೇಡಿ. ಬಿಸಿ ಕೆಳಗೆ ಹೊಡೆದು ಡಬ್ಬಿ ಕಾಯುತ್ತದೆ, ಅದು ಅಪಾಯ. ಗಾಳಿಗೆ ಅಡ್ಡ ಇಡುವ ತಗಡನ್ನೂ ಡಬ್ಬಿಯನ್ನು ಸುತ್ತುವರಿಯುವ ಹಾಗೆ ಇಡಬಾರದು.

ಮಳೆ ಬಂತು ಅಂತ ಟೆಂಟಿನೊಳಗೋ ಕಾರಿನೊಳಗೋ ಒಲೆ ಹಚ್ಚುವುದು ಖಂಡಿತ ಬೇಡ. ಕೆಂಡವಂತೂ ಇನ್ನೂ ಕೆಟ್ಟದ್ದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಿಸುವುದಿಲ್ಲ. ತಲೆನೋವು ಅಂತ ಮಲಗಿದವರು ಏಳದೇ ಇರಬಹುದು. ಬ್ಯಾಟರಿ ಹಾಕುವ ಪುಟ್ಟ ಅಲಾರಂ ಒಂದು ತಲೆಯ ಹತ್ತಿರ ಇರಲಿ. ಒಂದು ಕೆಜಿಯ ಪೌಡರ್ ಬೆಂಕಿನಂದಕ ನನ್ನ ಸೀಟಿನ ಪಕ್ಕದಲ್ಲೇ ಇರುತ್ತದೆ, ಡಿಕ್ಕಿಯಲ್ಲಲ್ಲ. ಬೆಂಕಿ ಡಿಕ್ಕಿಯಲ್ಲೇ ಹತ್ತಿದರೆ?

ನೀರಿಗೆ 20 ಲೀಟರ್ ಕ್ಯಾನು ಕೊಂಡು ಪಶ್ಚಾತ್ತಾಪ ಪಟ್ಟವಳು ನಾನು. 20 ಲೀಟರ್ ಅಂದರೆ 20 ಕೆಜಿ, ಇನ್ನೇನು. ಜೆರ್ರಿಕ್ಯಾನ್ ಅನ್ನುವ ಹಳೇ ಉಕ್ಕಿನ ಕ್ಯಾನನ್ನು 1930ರ ದಶಕದಲ್ಲಿ ಜರ್ಮನ್ ಸೇನೆಗೆ ಅಂತ ರೂಪಿಸಿದ್ದು. ಅದಕ್ಕೆ ಮೂರು ಹಿಡಿ ಇಟ್ಟಿದ್ದರು. ತುಂಬಿದ್ದನ್ನು ಇಬ್ಬರು ಹಿಡಿಯಬಹುದು, ಖಾಲಿಯಾದರೆ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು ಹಿಡಿಯಬಹುದು. ನನ್ನ ಪ್ಲಾಸ್ಟಿಕ್ ಕ್ಯಾನಿಗೆ ಒಂದೇ ಹಿಡಿ, ಅದೂ ಬೆರಳು ಕೊಯ್ಯುವಂಥದ್ದು. ಈಗ ಹತ್ತು ಲೀಟರಿನವು ಎರಡಿವೆ. ಇಬ್ಬರಿಗೆ ಕುಡಿಯಲು, ಅಡುಗೆಗೆ ಎರಡು ದಿನ ಸಾಕು. ಕೆಳಗೆ ನಲ್ಲಿ ಇರುವ ಕ್ಯಾನನ್ನು ಪ್ರಯಾಣದಲ್ಲಿ ನಲ್ಲಿ ಮೇಲಾಗುವಂತೆ ಮಲಗಿಸಿ. ಕುಲುಕಾಟಕ್ಕೆ ನಲ್ಲಿ ಸಡಿಲವಾಗಿ ಡಿಕ್ಕಿಯ ಕಾರ್ಪೆಟ್ಟೆಲ್ಲ ಒದ್ದೆಯಾದರೆ ಒಣಗಲು ಒಂದು ವಾರ, ವಾಸನೆ ಹೋಗಲು ಒಂದು ತಿಂಗಳು.

ದೀಪಕ್ಕೆ ಬಂದರೆ, ಬೆಳಕನ್ನು ಅಳೆಯುವ ಲ್ಯೂಮೆನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಂಬಿದ್ದೆ. ಸಾವಿರ ಲ್ಯೂಮೆನ್ನಿನ ಬಿಳಿ ಲ್ಯಾಂಟರ್ನ್ ಹಚ್ಚಿದರೆ ಊಟದ ತಟ್ಟೆಯ ಮೇಲೆ ಹುಳಗಳ ಜಾತ್ರೆ. ಹಳದಿ ಬೆಳಕಿಗೆ ಹುಳ ಕಡಿಮೆ ಬರುತ್ತದೆ. ದೊಡ್ಡ ದೀಪವನ್ನು ದೂರದ ಕೊಂಬೆಗೆ ತೂಗುಹಾಕಿ, ಕೂರುವ ಕಡೆ ಮಂದ ಹಳದಿ ದೀಪ ಇಡುತ್ತೇವೆ. ಹುಳಗಳಿಗೂ ಒಂದು ಕಡೆ ವ್ಯವಸ್ಥೆ ಆಯಿತು. ತಲೆಟಾರ್ಚಿಗೆ 200 ಲ್ಯೂಮೆನ್ ಧಾರಾಳ. ಕೆಂಪು ಬೆಳಕು ಇರಲೇಬೇಕು, ಅದಕ್ಕೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ. ಆದರೆ ಕೆಂಪಿಗೆ ಹೋಗಲು ಬಿಳಿಯನ್ನು ದಾಟಿಯೇ ಹೋಗಬೇಕಾದ ಟಾರ್ಚು ಕೊಳ್ಳಬೇಡಿ. ಮಲಗಿದವರ ಮುಖಕ್ಕೆ ಮಿಂಚು ಹೊಡೆದ ಹಾಗಾಗುತ್ತದೆ. ನಮ್ಮ ಎರಡೂ ಟಾರ್ಚುಗಳು ಈಗ ಮುಂದಿನ ಸೀಟುಗಳ ತಲೆದಿಂಬಿಗೆ ನೇತಾಡುತ್ತಿರುತ್ತವೆ. ಹಗಲೂ ರಾತ್ರಿ ಅಲ್ಲೇ.

ಟೈರಿಗೆ ಗಾಳಿ ಹೊಡೆಯುವ ಪಂಪು ಎಲ್ಲರ ಹತ್ತಿರವೂ ಇರಲಿ. ಸಾಮಾನು ತುಂಬಿದ ಕಾರಿಗೆ ಎಷ್ಟು ಗಾಳಿ ಬೇಕು ಅಂತ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಬೇರೆಯಾಗಿಯೇ ಬರೆದಿರುತ್ತದೆ, ನೋಡಿಕೊಳ್ಳಿ. ನನ್ನ ಮೊದಲ ಪಂಪು ಸಾಕೆಟ್ಟಿನ 10 ಆಂಪಿಯರ್ ಫ್ಯೂಸನ್ನು ಸುಟ್ಟಿತು. ದೊಡ್ಡ ಪಂಪುಗಳನ್ನು ನೇರ ಬ್ಯಾಟರಿಗೆ ಕ್ಲಿಪ್ ಹಾಕಿಯೇ ಬಳಸಬೇಕು. ಪಂಪಿನ ಮೇಲಿನ ಮೀಟರನ್ನು ನಂಬಬೇಡಿ, ನನ್ನದು ಮೂರು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಬೇರೆ ಗೇಜ್ ಇಟ್ಟುಕೊಳ್ಳಿ. ಕಾರು ಹೂತುಕೊಂಡರೆ ಎಳೆಯುವ ಹಗ್ಗವನ್ನು ಟ್ರೈಲರ್ ಸಿಕ್ಕಿಸುವ ಉಂಡೆಗೆ ಕಟ್ಟಬಾರದು. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಎಳೆಯಲೆಂದೇ ಕೊಟ್ಟ ಕೊಂಡಿಗೆ ಕಟ್ಟಿ, ಜನರನ್ನು ದೂರ ನಿಲ್ಲಿಸಿ. ಒಂದು ಸಲಿಕೆ ಇದ್ದರೆ ಹಗ್ಗದ ಪ್ರಸಂಗವೇ ಎಷ್ಟೋ ಸಲ ಬರುವುದಿಲ್ಲ.

ಕುರ್ಚಿ, ಮೇಜು, ಚಾಕು, ಲೋಟ: ಮನೆಯಲ್ಲಿರುವುದನ್ನೇ ಒಯ್ಯಿರಿ. ಚಮಚ, ಗರಗಸ, ಶಿಳ್ಳೆ ಎಲ್ಲ ಒಂದರಲ್ಲೇ ಇರುವ ಚಾಕುವಿನಲ್ಲಿ ನಾನು ಬಳಸಿದ್ದು ಬಾಟಲಿ ಓಪನರ್ ಒಂದನ್ನೇ. ಗಾಳಿ ತುಂಬುವ ಸೋಫಾ ಯಾರಾದರೂ ಉಡುಗೊರೆ ಕೊಟ್ಟರೆ ಸಂತೋಷವಾಗಿ ತೆಗೆದುಕೊಂಡು ಬೇರೆಯವರಿಗೆ ಕೊಡಿ.

ಇದೆಲ್ಲ ತುಂಬುವುದಕ್ಕೆ ಒಂದೇ ಅಳತೆಯ, ಒಳಗಿರುವುದು ಕಾಣುವ ಪ್ಲಾಸ್ಟಿಕ್ ಡಬ್ಬಿ ನಾಲ್ಕು. ಭಾರದ್ದು ಕೆಳಗೆ, ಮುಂದಿನ ಸೀಟಿನ ಬೆನ್ನಿಗೆ ಒತ್ತಿ, ಪಟ್ಟಿಯಿಂದ ಕಟ್ಟಿ. ಜೋರಾಗಿ ಬ್ರೇಕ್ ಹಾಕಿದರೆ ಕಟ್ಟದ ಡಬ್ಬಿ ನಿಮಗಿಂತ ಮೊದಲು ಮುಂದೆ ಬರುತ್ತದೆ. ಸೀಟಿಗಿಂತ ಎತ್ತರಕ್ಕೆ ಪೇರಿಸಲೇಬಾರದು. ಮುಚ್ಚಳಕ್ಕೆ ಬಣ್ಣದ ಟೇಪು ಹಚ್ಚಿದ್ದೆ, ಕತ್ತಲಲ್ಲಿ ಎಲ್ಲ ಬಣ್ಣವೂ ಒಂದೇ. ತಂಗಿ ಅದಕ್ಕೊಂದು ಉಪಾಯ ಮಾಡಿದಳು. ಅಡುಗೆ ಡಬ್ಬಿಯ ಹಿಡಿಗೆ ಒಂದು ಗಂಟು ಹಗ್ಗ, ಮಲಗುವ ಸಾಮಾನಿಗೆ ಎರಡು ಗಂಟು, ಉಪಕರಣಕ್ಕೆ ಮೂರು. ನಾಲ್ಕನೆಯದಕ್ಕೆ ಏನೂ ಇಲ್ಲ. ಕೈಯಾಡಿಸಿದರೆ ಸಾಕು, ಕಣ್ಣು ಬೇಡ. ಕೊಂಡ ಸಾಮಾನುಗಳಿಗೆಲ್ಲ ಸೇರಿ ನಾನು ಕೊಡುವ ಅಂಕಕ್ಕಿಂತ ಈ ಗಂಟುಗಳಿಗೆ ಒಂದು ಅಂಕ ಜಾಸ್ತಿ.

ಮನೆಗೆ ಬಂದ ದಿನದ ಕೆಲಸ ಇನ್ನೊಂದಿದೆ. ಟೆಂಟು ಎಷ್ಟೇ ಒಣಗಿದಂತೆ ಕಂಡರೂ ಬಿಚ್ಚಿ ಹರಡಬೇಕು. ಒದ್ದೆ ಮಡಚಿಟ್ಟರೆ ಎರಡು ದಿನಕ್ಕೆ ಬೂಷ್ಟು. ವರ್ಷಗಟ್ಟಲೆ ಹಾಗೇ ಮಾಡಿದರೆ ಒಳಗಿನ ನೀರು ತಡೆಯುವ ಲೇಪ ಅಂಟಂಟಾಗಿ ಕಿತ್ತುಬರುತ್ತದೆ. ಹಾಗೆ ಒಂದನ್ನು ಕಳೆದುಕೊಂಡಿದ್ದೇನೆ. ಮೊನ್ನೆ ಭಾನುವಾರ ಬಂದ ಟ್ರಿಪ್ಪಿನ ಟಾರ್ಪಾಲು ಇನ್ನೂ ಬಟ್ಟೆ ಒಣಗಿಸುವ ತಂತಿಯ ಮೇಲಿದೆ. ಅದರ ಒಂದು ಹಗ್ಗ ಕಾಣುತ್ತಿಲ್ಲ. ತಂಗಿಗೆ ಫೋನ್ ಮಾಡಿದರೆ, "ನಾಲ್ಕನೇ ಡಬ್ಬಿ ನೋಡಿದ್ಯಾ ಅಕ್ಕ?" ಅಂದಳು. ಅದು ಇನ್ನೂ ಡಿಕ್ಕಿಯಲ್ಲೇ ಇದೆ. ನೋಡಬೇಕು.